ಚಾಚಾ ಕಲಿಸಿದ ಕೂಗು

ಚಾಚಾರ ಬಲ ಹುಬ್ಬಿನ ಮೇಲೆ ಒಂದು ತಗ್ಗಿತ್ತು. ಹುಣಸೆ ಬೀಜವೊಂದನ್ನು ಇಟ್ಟರೆ ಅಲ್ಲಾಡದೆ ಕೂಡುವಷ್ಟು. ನಕ್ಕಾಗ ಹಣೆಯೆಲ್ಲ ನೆರಿಗೆಗಟ್ಟಿದರೂ ಆ ತಗ್ಗು ಮಾತ್ರ ನುಣ್ಣಗೆ ಉಳಿಯುತ್ತಿತ್ತು. ಓಣಿಯ ಮಕ್ಕಳು ಪಾಳಿ ಹಚ್ಚಿ ಅದರಲ್ಲಿ ಬೆರಳಿಟ್ಟು ನೋಡುತ್ತಿದ್ದವು. ಅವರು ಕ್ಷೌರಕ್ಕೆ ಕುಳಿತವರ ಹಾಗೆ ತಲೆ ಬಗ್ಗಿಸಿಕೊಂಡು ಕೂಡುತ್ತಿದ್ದರು. “ಮೆಲ್ಲಕ ಲೇ, ಒಳಗ ಮೆದುಳೈತಿ” ಎನ್ನುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ನನಗೆ ನಗು ಬರುತ್ತಿರಲಿಲ್ಲ. ಆ ತಗ್ಗು ಕಂಡಾಗಲೆಲ್ಲ ನನ್ನ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು: ಆ ಏಟು ಇನ್ನೊಂದು ಬೆರಳಿನಷ್ಟು ಕೆಳಗೆ, ಕಣ್ಣಿಗೆ ಬಿದ್ದಿದ್ದರೆ?

ಇದು ನನ್ನ ಹುಟ್ಟುಗುಣ. ನಾನು ಶಿರಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ದಿನವಿಡೀ ಮೈಕು ಹಿಡಿದು ಲಕ್ಷ್ಮೇಶ್ವರ, ಗದಗ, ಮುಂಡರಗಿ, ಬಾಳೆಹೊಸೂರ ಎಂದು ಕೂಗುವ ಕೆಲಸ. ಬಸ್ಸು ಹತ್ತು ನಿಮಿಷ ತಡವಾದರೆ ಬೇರೆಯವರು ಚಹಾಕ್ಕೆ ಹೋಗುತ್ತಾರೆ, ನಾನು ಯಾವ ತಿರುವಿನಲ್ಲಿ ಏನಾಯಿತೋ ಎಂದು ಬೆವರುತ್ತೇನೆ. ಮನೆಯಲ್ಲೂ ಅಷ್ಟೇ. ಮಕ್ಕಳು ಉಣ್ಣುವಾಗ ನಕ್ಕರೆ ಅನ್ನ ನೆತ್ತಿಗೇರೀತು ಎಂಬ ಭಯ, ನಗದಿದ್ದರೆ ಜ್ವರ ಬಂದೀತು ಎಂಬ ಭಯ. ಹೊರಟವರನ್ನು, ಕೆಲಸಕ್ಕೆ ಕೈ ಹಾಕಿದವರನ್ನು ಹಿಂದಿನಿಂದ ಕೂಗಬಾರದು ಎಂಬುದನ್ನಂತೂ ಕಾಯ್ದೆಯ ಹಾಗೆ ಪಾಲಿಸುತ್ತಿದ್ದೆ. ನಮ್ಮವ್ವನಿಂದ ಬಂದದ್ದು. ಈ ವಿಷಯದಲ್ಲಿ ನಾನು ಅವಳಿಗಿಂತ ಒಂದು ಕೈ ಹೆಚ್ಚು. ಒಮ್ಮೆ ನಾನು ಗಾಡಿ ಚಾಲೂ ಮಾಡುವಾಗ ಮಗಳು ಹಿಂದಿನಿಂದ “ಅಪ್ಪಾ, ಡಬ್ಬಿ ಬಿಟ್ಟೀ” ಎಂದು ಕೂಗಿದಳು. ವಾಪಸು ಒಳಗೆ ಹೋಗಿ, ನೀರು ಕುಡಿದು, ಐದು ನಿಮಿಷ ಕುಳಿತು, ಅವಳಿಗೆ ಕಣ್ಣಲ್ಲಿ ನೀರು ಬರುವ ಹಾಗೆ ಬೈದು ಹೊರಟೆ. ಆಗ ಅವಳಿಗೆ ಆರು ವರ್ಷ. ಆಮೇಲೆ ಅವಳು ಕೂಗಲಿಲ್ಲ. ಏನಾದರೂ ಬೇಕಿದ್ದರೆ ಸದ್ದಿಲ್ಲದೆ ಬಂದು ಅಂಗಿಯ ತುದಿ ಜಗ್ಗುತ್ತಿದ್ದಳು. ಎಷ್ಟು ಶಾಣ್ಯಾ ಹುಡುಗಿ ಎಂದು ನಾನು ಹೆಮ್ಮೆಪಟ್ಟಿದ್ದೆ.

ಇಂಥವನ ಪಕ್ಕದ ಮನೆಗೆ ಚಾಚಾ ಪುಣೆಯಿಂದ ವಾಪಸು ಬಂದರು. ಅಲ್ಲಿಯ ಒಂದು ಗಾಲ್ಫ್ ಮೈದಾನದಲ್ಲಿ ಮೂವತ್ತು ವರ್ಷದ ಮೇಲೆ ಹುಲ್ಲು ಕತ್ತರಿಸಿ, ನೀರು ಬಿಟ್ಟು, ಸಾಹೇಬರ ಚೆಂಡು ಎಲ್ಲಿ ಬಿತ್ತೆಂದು ನೋಡಿಕೊಂಡಿದ್ದವರು. ಮೈದಾನಕ್ಕೆ ರಜೆ ಇರುವ ದಿನ ಕೆಲಸಗಾರರಿಗೂ ಆಡಲು ಬಿಡುತ್ತಿದ್ದರಂತೆ. ಹಾಗೆ ಕಲಿತದ್ದು. ಬರುವಾಗ ಒಂದು ಹಳೆಯ ಕೋಲು, ಒಂದು ಚೀಲ ಚೆಂಡು ತಂದಿದ್ದರು. ಊರ ಹೊರಗೆ ಅವರ ತಮ್ಮನ ಶೇಂಗಾ ಹೊಲ, ಅದರ ಪಕ್ಕ ಬಿತ್ತಲು ಬಾರದ ಗರಸು ನೆಲ. ಅಲ್ಲಿ ಆರು ಕುಳಿ ತೋಡಿ, ಒಂದೊಂದರಲ್ಲಿ ಒಂದೊಂದು ಖಾಲಿ ಡಬ್ಬಿ ಹೂತರು. ಹಸಿರು ಹುಲ್ಲು ಎಲ್ಲಿಂದ ಬರಬೇಕು? ಕುಳಿಯ ಸುತ್ತ ಸಗಣಿ ಸಾರಿಸಿ, ರಾಶಿ ಮಾಡುವ ಕಣದ ಹಾಗೆ ನುಣ್ಣಗೆ ಮಾಡಿದರು. ಉಳಿದ ಕೋಲುಗಳನ್ನು ಲಕ್ಷ್ಮೇಶ್ವರದ ವೆಲ್ಡಿಂಗ್ ಅಂಗಡಿಯಲ್ಲಿ ಪೈಪಿಗೆ ಕಬ್ಬಿಣದ ತುಂಡು ಹಚ್ಚಿಸಿ ಮಾಡಿಸಿದರು. ಸಾಹೇಬರ ಆಟ ನಮ್ಮ ಊರಿಗೆ ಬಂದದ್ದು ಹೀಗೆ, ಸಗಣಿಯ ವಾಸನೆಯ ಜೊತೆ.

ಮಕ್ಕಳು ಮುತ್ತಿದವು. ಆದರೆ ಚಾಚಾರದು ಒಂದು ಹಟ. ಮಗುವಿನ ಜೊತೆ ಅಪ್ಪ ಇಲ್ಲವೇ ಅವ್ವ ಬರಬೇಕು, ಬಂದು ಆಡಬೇಕು. ನಾನು ಮೊದಲನೇ ದಿನ ಕೈಕಟ್ಟಿ ದೂರ ನಿಂತಾಗ ಎಲ್ಲರೆದುರೇ ಹೇಳಿಬಿಟ್ಟರು.

“ಕಂಟ್ರೋಲರ್ ಸಾಹೇಬ್ರ, ನೋಡ್ಕೋಂತ ನಿಂದ್ರಾಕ ಅಪ್ಪ ಯಾಕ ಬೇಕ್ರಿ? ಗಿಡ ಸಾಕು. ಬರ್ರಿ, ಕೋಲು ಹಿಡೀರಿ.”

“ನನಗ ಅಂಜಿಕಿ ಚಾಚಾ. ಯಾರಿಗರೆ ಬಡದೀತು.”

“ಅಂಜಿಕಿ ಇರ್ಲಿ, ಒಳ್ಳೇದ. ಅಂಜಿದಾಂವ ನೋಡಿ ಹೊಡೀತಾನ.”

ಅವರ ಇಬ್ಬರು ಮಕ್ಕಳು ಬೆಳೆದದ್ದು ಇಲ್ಲಿ, ಚಾಚಿಯ ಹತ್ತಿರ. ಚಾಚಾ ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಿದ್ದರು. ಈಗ ಮಗ ಗದಗಿನಲ್ಲಿ, ಮಗಳು ಮುಂಡರಗಿಯಲ್ಲಿ. “ನನ್ನ ಮಕ್ಕಳ ಜೋಡಿ ಆಡೂ ವಯಸ್ಸಿನಾಗ ನಾ ಮಂದಿ ಹುಲ್ಲು ಕತ್ತರಿಸಿದೆ” ಎಂದು ಒಮ್ಮೆ ಹೇಳಿದರು. ಮತ್ತೆ ಆ ಮಾತೆತ್ತಲಿಲ್ಲ.

ಆಟದ ಕ್ರಮವೂ ಅವರದೇ. ಹೊಡೆಯುವವನ ಬಲಕ್ಕೆ, ಹತ್ತು ಹೆಜ್ಜೆ ದೂರದಲ್ಲಿ, ಒಂದು ಸುಣ್ಣದ ಗೆರೆ. ಉಳಿದವರೆಲ್ಲ ಅದರ ಮೇಲೆ, ಹೊಡೆಯುವವನ ಕಣ್ಣಿಗೆ ಬೀಳುವ ಹಾಗೆ ನಿಲ್ಲಬೇಕು. ಕೋಲು ಎತ್ತುವ ಮೊದಲು ಹೊಡೆಯುವವನು “ಖಬರ್ದಾರ್!” ಎಂದು ಒದರಬೇಕು. ಗೆರೆಯ ಮೇಲಿದ್ದವರು ಒಬ್ಬೊಬ್ಬರಾಗಿ “ಅದೀನಿ!” ಎನ್ನಬೇಕು. ಎಲ್ಲರ ದನಿ ಬಂದ ಮೇಲೆಯೇ ಕೋಲು ಏಳಬೇಕು. ಒಂದು ದನಿ ಕಡಿಮೆಯಾದರೂ ಚಾಚಾ ಓಡಿ ಬಂದು ಕೋಲಿನ ಮೇಲೆ ಕಾಲಿಡುತ್ತಿದ್ದರು. ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಕೋಲುಗಳನ್ನೆಲ್ಲ ನೆಲಕ್ಕೆ ಮಲಗಿಸಿ, ಬೇವಿನ ಗಿಡದ ಕೆಳಗೆ ರುಮಾಲು ಹಾಸುತ್ತಿದ್ದರು. “ನಾ ತಿರುಗಿ ನೋಡೂತನಕ ಒಂದು ಕೋಲೂ ಏಳಬಾರದು.”

ಆರು ತಿಂಗಳು ಹೀಗೆ ಆಡಿದೆವು. ಹತ್ತು ವರ್ಷದ ಮಗಳು, ಏಳು ವರ್ಷದ ಮಗ, ನಾನು. ಮಗಳು ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದಳು. ಭಾನುವಾರ ಬಂತೆಂದರೆ ಮಳೆ ಬಂದೀತೇ ಎಂದು ಬೆಳಗಿನಿಂದಲೇ ಆಕಾಶ ನೋಡುತ್ತಿದ್ದೆ. ಆದರೂ ಹೋಗುತ್ತಿದ್ದೆ, ಮಕ್ಕಳ ಮುಂದೆ ಹಿಂದೆ ಸರಿಯಲು ನಾಚಿಕೆ.

ಆ ಭಾನುವಾರ ಓಣಿಯ ಉಳಿದವರು ಯಾವುದೋ ಮದುವೆಗೆ ಹೋಗಿದ್ದರು. ನಾವು ಮೂವರು, ಚಾಚಾ, ಅಷ್ಟೇ. ನಾನು ಹೊಡೆದ ಚೆಂಡು ಎಂದೂ ಇಲ್ಲದ್ದು, ನಾಲ್ಕನೆಯ ಕುಳಿಯ ಡಬ್ಬಿಗೆ ಒಂದೇ ಏಟಿಗೆ ಹೋಗಿ ಬಿತ್ತು. ಮಗ ಕುಣಿದ. ಮಗಳು ಚಪ್ಪಾಳೆ ತಟ್ಟಿದಳು. ಅಷ್ಟರಲ್ಲಿ ಚಾಚಾ ನಮಾಜಿಗೆ ನಿಂತರು. ಕೋಲುಗಳು ನೆಲದ ಮೇಲಿದ್ದವು. ಮಗಳು ಚೆಂಡಿನ ಚೀಲ ತರಲು ಹಿಂದಕ್ಕೆ ಹೋಗಿದ್ದಳು.

“ಅಪ್ಪಾ, ಇನ್ನೊಂದು. ಒಂದ ಒಂದು” ಎಂದ ಮಗ.

ಸದಾ ಅಂಜುವ ನಾನು ಆ ಹೊತ್ತಿನಲ್ಲಿ ಅಂಜಲಿಲ್ಲ. ಖುಷಿಯಲ್ಲಿ ಕೋಲು ಎತ್ತಿಕೊಂಡೆ. ನಮಾಜಿಗೆ ಅಡ್ಡಿಯಾಗಬಾರದೆಂದು “ಖಬರ್ದಾರ್” ಎಂದು ಬರೀ ತುಟಿಯಲ್ಲಿ ಅಂದೆ. ಮಗ ಗೆರೆಯ ಮೇಲಿಂದ “ಅದೀನಿ” ಎಂದ. ಎರಡನೆಯ ದನಿಗೆ ಕಾಯಲಿಲ್ಲ. ಕೋಲನ್ನು ಹೆಗಲಿನ ಹಿಂದಕ್ಕೆ ಜೋರಾಗಿ ಎತ್ತಿದೆ. ಹಿಂದೆ ಏನೋ ತಗುಲಿತು. ಸದ್ದು ಬಹಳ ಸಣ್ಣದು, ಬಾಗಿಲಿಗೆ ಬೆರಳಿನ ಗೆಣ್ಣಿನಿಂದ ತಟ್ಟಿದಷ್ಟು.

ತಿರುಗಿದರೆ ಮಗಳು ನೆಲದಲ್ಲಿ ಕುಳಿತಿದ್ದಳು. ಎಡಗಣ್ಣಿನ ಮೇಲೆ ಎರಡೂ ಕೈ ಒತ್ತಿಕೊಂಡಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಅವಳು ಚೀರಲಿಲ್ಲ. ಅವಳು ಚೀರಿದ್ದರೆ ನನಗೆ ಜೀವ ಬರುತ್ತಿತ್ತೇನೋ. ನಾನು ಕೋಲು ಹಿಡಿದುಕೊಂಡೇ ನಿಂತಿದ್ದೆ.

ಚಾಚಾ ನಮಾಜನ್ನು ಅರ್ಧಕ್ಕೆ ಬಿಟ್ಟು ಬರಿಗಾಲಲ್ಲಿ ಓಡಿ ಬಂದರು. ಹಾಸಿದ್ದ ರುಮಾಲನ್ನೇ ತಂದು ಅವಳ ಹಣೆಗೆ ಬಿಗಿದರು. ರಸ್ತೆಗೆ ಹೋಗಿ ಒಂದು ಮೂರು ಗಾಲಿಯ ಟಂಟಂ ಗಾಡಿಯನ್ನು ಅಡ್ಡ ನಿಂತು ನಿಲ್ಲಿಸಿದರು. ಅವಳನ್ನು ತೊಡೆಯ ಮೇಲೆ ಹಾಕಿಕೊಂಡವರೂ ಅವರೇ. ಮಗನನ್ನು ಚಾಚಿಯ ಹತ್ತಿರ ಬಿಟ್ಟು, ಹೆಂಡತಿಯನ್ನು ಹತ್ತಿಸಿಕೊಂಡು ಗದಗಿನ ದಾರಿ ಹಿಡಿದೆವು. ದಾರಿಯುದ್ದಕ್ಕೂ ಚಾಚಾ ಮಗಳನ್ನು ಮಾತಾಡಿಸುತ್ತಲೇ ಇದ್ದರು.

“ಬೇಟಿ, ಮೂರನೇ ಕುಳಿಗೆ ಎಷ್ಟು ಹೆಜ್ಜಿ?”

“ನಲವತ್ತೊಂದು.”

“ಐದನೇದಕ್ಕ?”

“ಅರವತ್ತು... ಅರವತ್ತಾರು.”

ಅವಳ ಉತ್ತರ ತಡವಾದಾಗಲೆಲ್ಲ ಅವರ ದನಿ ಏರುತ್ತಿತ್ತು. ನಾನು ಆ ರುಮಾಲಿನ ಕೆಂಪು ಎಷ್ಟು ಹರಡಿತೆಂದು ನೋಡುತ್ತಿದ್ದೆ. ಅದರ ಕೆಳಗೆ ಕಣ್ಣು ಇದೆಯೋ ಇಲ್ಲವೋ ಎಂಬುದನ್ನು ಕೇಳಲಿಲ್ಲ.

“ಹಿಂದ ಬಂದಾಕಿ ಒಂದು ಕೂಗು ಹಾಕಬಾರದೇನು ಬೇಟಿ?” ಎಂದು ಚಾಚಾ ಕೇಳಿದರು.

“ಅಪ್ಪ ಹೊಡ್ಯಾಕ ನಿಂತಿದ್ದ ಚಾಚಾ. ಹಿಂದಿಂದ ಕೂಗಿದ್ರ ಅಪ್ಪಗ ಕೆಟ್ಟದ್ದಾಗತೈತಿ. ಅಂಗಿ ಜಗ್ಗೂಣು ಅಂತ ಬಂದೆ.”

ಹೆಂಡತಿ ಒಮ್ಮೆ ನನ್ನ ಮುಖ ನೋಡಿ ಆಚೆ ತಿರುಗಿದಳು. ಕೋಲು ಹೊಡೆದದ್ದು ಆ ಹೊತ್ತಿನಲ್ಲಿ. ಆದರೆ ಅವಳನ್ನು ಸದ್ದಿಲ್ಲದೆ ನನ್ನ ಬೆನ್ನ ಹಿಂದೆ ತಂದು ನಿಲ್ಲಿಸಿದ್ದು ನಾನು ನಾಲ್ಕು ವರ್ಷದ ಹಿಂದೆ ಬೈದ ಬೈಗುಳ.

ಗದಗಿನ ಡಾಕ್ಟರು ಹುಬ್ಬಿಗೆ ಹೊಲಿಗೆ ಹಾಕಿದರು. ಕಣ್ಣು ಊದಿ ಮುಚ್ಚಿತ್ತು. “ಬಾವು ಇಳೀಲಿ, ಅಲ್ಲೀತನಕ ಏನೂ ಹೇಳಾಕ ಬರೂದಿಲ್ಲ” ಎಂದರು. ಮೂರು ದಿನ. ಆ ಮೂರು ದಿನ ನನಗೆ ಬೇರೆ ಯಾವ ಭಯವೂ ಇರಲಿಲ್ಲ. ಎಲ್ಲ ಭಯವೂ ಆ ಒಂದು ಪಟ್ಟಿಯ ಕೆಳಗೆ ಹೋಗಿ ಕುಳಿತಿತ್ತು. ನನ್ನ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಆಸ್ಪತ್ರೆಯ ಗೋಡೆ, ಬಾಗಿಲು, ಮೆಟ್ಟಿಲು ನೋಡುತ್ತಿದ್ದೆ. ಅವಳಿಗೆ ಜಗತ್ತು ಇನ್ನು ಇಷ್ಟೇ ಕಾಣುವುದೇ ಎಂದು ಅಳೆಯುತ್ತಿದ್ದೆ.

ಚಾಚಾ ಮನೆಗೆ ಹೋಗಲೇ ಇಲ್ಲ. ಪಕ್ಕದ ಬೆಟಗೇರಿಯಲ್ಲಿ ಅವರ ತಂಗಿಯ ಮನೆ. ಹೊತ್ತು ಹೊತ್ತಿಗೆ ಅಲ್ಲಿಂದ ಬಿಸಿ ರೊಟ್ಟಿ, ಮಗಳಿಗೆ ಮೆತ್ತಗಿನ ಅನ್ನ ತರುತ್ತಿದ್ದರು. ಉಳಿದ ಹೊತ್ತು ಮೆಟ್ಟಿಲ ಮೇಲೆ ಕೂಡುತ್ತಿದ್ದರು. ಎರಡನೆಯ ದಿನ ನನ್ನ ಹತ್ತಿರ ಬಂದು, “ತಪ್ಪು ನಂದ್ರಿ. ಕೋಲೆಲ್ಲಾ ಚೀಲಕ್ಕ ಹಾಕಿ ನಮಾಜಿಗೆ ನಿಂದ್ರಬೇಕಿತ್ತು” ಎಂದರು. ತಪ್ಪು ಯಾರದೆಂದು ನನಗೆ ಗೊತ್ತಿತ್ತು. ಆದರೂ ನನ್ನ ಬಾಯಿಂದ ಬಂದದ್ದು ಬೇರೆ.

“ವಯಸ್ಸಾದ ಮ್ಯಾಲೆ ಇದೆಲ್ಲಾ ಯಾಕ ಬೇಕಿತ್ತು ನಿಮಗ? ನಿಮ್ಮ ಆಟ ನಮ್ಮ ಮನಿ ಹಾಳ ಮಾಡ್ತು.”

ಅವರು ತಲೆ ತಗ್ಗಿಸಿದರು. “ಖರೆ ಐತ್ರಿ” ಎಂದು ಮೆಟ್ಟಿಲಿಗೆ ವಾಪಸು ಹೋದರು. ಸಂಜೆ ಮತ್ತೆ ರೊಟ್ಟಿ ತಂದರು. ಆ ಮಾತಿಗೆ ಇಂದಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಡಾಕ್ಟರು ಅವಳ ಬಲಗಣ್ಣು ಮುಚ್ಚಿ, ಬೆರಳು ಎತ್ತಿ ಎಷ್ಟು ಎಂದರು. ಮಗಳು ಬೆರಳು ನೋಡಲಿಲ್ಲ. ಅವರ ಭುಜದ ಆಚೆ ನೋಡಿ, “ಚಾಚಾ ಯಾಕ ಬಾಗಲದಾಗ ನಿಂತಾರ? ಒಳಗ ಕರೀರಿ” ಎಂದಳು. ಹೆಂಡತಿ ಅಲ್ಲೇ ಕುಸಿದು ಕುಳಿತು ಅತ್ತಳು. ಚಾಚಾ ಒಳಗೆ ಬರದೆ, ಮುಖ ಮುಚ್ಚಿಕೊಂಡು ಹೊರಗೆ ಹೋದರು.

ಕಣ್ಣು ಉಳಿಯಿತು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ.

ಮನೆಗೆ ಬಂದ ಮರುದಿನ ಗೂಟಕ್ಕೆ ಹಾಕಿದ್ದ ಅಂಗಿ ತೆಗೆಯಲು ಕೈ ಎತ್ತಿದೆ. ಪಕ್ಕದಲ್ಲಿ ನಿಂತಿದ್ದ ಮಗಳು ತಟ್ಟನೆ ಎರಡೂ ಕಣ್ಣು ಮುಚ್ಚಿ, ಮುಖ ತಿರುಗಿಸಿ, ಗೋಡೆಗೆ ಅಂಟಿಕೊಂಡಳು. ಆಮೇಲೆ ತಾನೇ ನಾಚಿ ನಕ್ಕಳು. ಸಂಜೆ ಫ್ಯಾನಿನ ಬಟನ್ನಿಗೆ ಕೈ ಎತ್ತಿದಾಗಲೂ ಹಾಗೆಯೇ. ತಲೆ ಬಾಚಲು ಹೋದರೆ ಅವಳ ರೆಪ್ಪೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಬೇಕೆಂದು ಮಾಡುತ್ತಿರಲಿಲ್ಲ. ಅವಳ ಮನಸ್ಸಿಗೆ ನಾನು ಅಪ್ಪ, ಅವಳ ಕಣ್ಣಿಗೆ ಮಾತ್ರ ನಾನು ಹೊಡೆದವನು.

ನನಗೆ ನನ್ನ ಕೈಗಳ ಭಯ ಹುಟ್ಟಿತು. ಮನೆಯಲ್ಲಿ ಅವುಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡತೊಡಗಿದೆ. ಅವಳ ತಲೆ ಬಾಚುವುದನ್ನು ಹೆಂಡತಿಗೆ ಬಿಟ್ಟೆ. ಅವಳು ಬಲಕ್ಕೆ ಬಂದರೆ ನಾನು ಎಡಕ್ಕೆ ಸರಿದೆ. ಎರಡು ತಿಂಗಳಾದರೂ ಅದು ಹೋಗಲಿಲ್ಲ. ಹೋಗುವುದೇ ಇಲ್ಲವೇನೋ, ನಾಳೆ ದೊಡ್ಡವಳಾದ ಮೇಲೂ ನಾನು ಹರಸಲು ಕೈ ಎತ್ತಿದರೆ ಕಣ್ಣು ಮುಚ್ಚುತ್ತಾಳೇನೋ ಎಂಬ ಯೋಚನೆ ಬಂದಾಗ, ಮೈಕಿನ ಮುಂದೆ ಕುಳಿತವನು ಮುಂಡರಗಿ ಬಸ್ಸಿಗೆ ಗದಗ ಎಂದು ಕೂಗಿದೆ.

ಚಾಚಾ ಮೈದಾನ ಮುಚ್ಚಿದ್ದರು. ಡಬ್ಬಿ ಕಿತ್ತು ಕುಳಿ ತುಂಬಿಸಿದ್ದರು. ಒಂದು ಸಂಜೆ ನಮ್ಮ ಕಟ್ಟೆಗೆ ಬಂದು ಕುಳಿತರು. ನಾನು ಎಲ್ಲ ಹೇಳಿದೆ. ಅವರು ತಮ್ಮ ಹಣೆಯ ತಗ್ಗನ್ನು ಸವರಿಕೊಂಡರು.

“ಇದು ಹೆಂಗಾತು ಗೊತ್ತೇನ್ರಿ? ಹೊಸದಾಗಿ ಕೆಲಸಕ್ಕ ಸೇರಿದ್ದೆ. ಸಾಹೇಬ್ರ ಮುಂದ ದನಿ ತಗೀಬ್ಯಾಡ ಅಂತ ನಮ್ಮಪ್ಪ ಹೇಳಿ ಕಳಿಸಿದ್ದ. ಹುಲ್ಲಿನಾಗ ಕುಂತಿದ್ದೆ. ಸಾಹೇಬ ನೋಡಲಾರದ ಹೊಡೀತಾನಂತ ಕಣ್ಣಿಗೆ ಕಾಣಾಕ ಹತ್ತಿತ್ತು. ಒಂದು ಸಲ ಒದರಿದ್ರ ಮುಗೀತಿತ್ತು. ಒದರಲಿಲ್ಲ. ಚೆಂಡು ಬಂದು ಇಲ್ಲೇ ಬಡೀತು. ನಮ್ಮಪ್ಪನೂ ನಿಮ್ಮಂಗ, ನನ್ನ ಮ್ಯಾಲಿನ ಜೀವಕ್ಕ ಅಂಜಿ ಹೇಳಿದ್ದ.”

ಎದ್ದು ಚಪ್ಪಲಿ ಮೆಟ್ಟುತ್ತ ಹೇಳಿದರು. “ಈ ಭಾನುವಾರ ಹುಡುಗಿನ ಕರಕೊಂಡು ಬರ್ರಿ. ಕೋಲು ಆಕಿ ಕೈಯಾಗ. ನೀವು ಗೆರಿ ಮ್ಯಾಲೆ.”

ಹೆಂಡತಿ ಒಳಗಿಂದಲೇ, “ಆಗೂದಿಲ್ರಿ ಚಾಚಾ, ಸಾಕು” ಎಂದಳು. ಮಗಳು ಬಾಗಿಲಲ್ಲಿ ನಿಂತು, “ನಾ ಬರ್ತೀನಿ” ಎಂದಳು.

ಒಂದೇ ಕುಳಿ ಮತ್ತೆ ತೋಡಿದ್ದರು. ಮಗಳು ಕೋಲು ಹಿಡಿದು ನಿಂತಳು. “ಖಬರ್ದಾರ್” ಎಂದಳು, ಅವಳಿಗೇ ಕೇಳಿತೋ ಇಲ್ಲವೋ. ಚಾಚಾ ಕೋಲಿನ ಮೇಲೆ ಕಾಲಿಟ್ಟರು. “ಬೇವಿನ ಗಿಡಕ್ಕ ಕೇಳಬೇಕು.” ಆ ಭಾನುವಾರ ಗಿಡಕ್ಕೆ ಕೇಳಲಿಲ್ಲ, ಮರು ಭಾನುವಾರವೂ ಇಲ್ಲ. ಒಂದೂ ಚೆಂಡು ಹೊಡೆಯದೆ ಮನೆಗೆ ಬಂದೆವು. ಮೂರನೆಯ ಭಾನುವಾರ ಅವಳಿಗೆ ಸಿಟ್ಟು ಬಂತು. ಕುತ್ತಿಗೆಯ ನರ ಉಬ್ಬುವ ಹಾಗೆ ಒದರಿದಳು. ಗಿಡದಲ್ಲಿದ್ದ ಹಕ್ಕಿಗಳೆಲ್ಲ ಎದ್ದವು. ನಾನು “ಅದೀನಿ” ಎಂದೆ. ಅವಳು ಕೋಲು ಎತ್ತಿದಳು.

ಹತ್ತು ಹೆಜ್ಜೆ ದೂರ, ಗೆರೆಯ ಮೇಲೆ, ಅಪಾಯವಿಲ್ಲ ಎಂದು ಗೊತ್ತಿತ್ತು. ಆದರೂ ಆ ಕಬ್ಬಿಣದ ತುದಿ ಮೇಲೇರಿದ್ದು ಕಂಡದ್ದೇ ನನ್ನ ಕಣ್ಣು ತಾನಾಗಿ ಮುಚ್ಚಿತು, ಎರಡೂ ಕೈ ಮುಖಕ್ಕೆ ಬಂದವು. ಚೆಂಡು ಹೋದ ಸದ್ದಿನ ಹಿಂದೆಯೇ ನಗು ಕೇಳಿತು.

“ಚಾಚಾ, ನೋಡಿದ್ರೇನು? ಅಪ್ಪನೂ ನನ್ನಂಗ ಕಣ್ಣು ಮುಚ್ಚಿದ!”

ಎರಡು ತಿಂಗಳ ಮೇಲೆ ಕೇಳಿದ ಹೊಟ್ಟೆತುಂಬ ನಗು ಅದು. ಚಾಚಾರೂ ನಕ್ಕರು. ಅಂದಿನಿಂದ ಮನೆಯಲ್ಲಿ ನಾನು ಕೈ ಎತ್ತುವ ಮೊದಲು, “ತಲಿ ಬಾಚಾಕ ಕೈ ಎತ್ತತೀನಿ, ಖಬರ್ದಾರ್” ಎನ್ನುತ್ತಿದ್ದೆ. “ಅದೀನಿ” ಎನ್ನುತ್ತಿದ್ದಳು. ರೆಪ್ಪೆ ಇನ್ನೂ ಹೊಡೆದುಕೊಳ್ಳುತ್ತಿತ್ತು, ಮೊದಲಿಗಿಂತ ಕಡಿಮೆ.

ನಾನು ಮಾತ್ರ ಕೋಲು ಮುಟ್ಟಲಿಲ್ಲ. ಪ್ರತಿ ವಾರ ಆಟದ ಕೊನೆಗೆ ಚಾಚಾ ತಮ್ಮ ಹಳೆಯ ಕೋಲನ್ನು ನನ್ನತ್ತ ಚಾಚುತ್ತಿದ್ದರು. “ಈಗ ನಿಮ್ಮ ಪಾಳಿ. ಆಕಿ ಗೆರಿ ಮ್ಯಾಲೆ ನಿಂದರತಾಳ.”

“ಮುಂದಿನ ವಾರ ಚಾಚಾ.”

“ಆತು. ನಾ ಎಲ್ಲಿ ಹೊಕ್ಕೀನಿ? ಇಲ್ಲೇ ಅದೀನಿ.”

ಒಂದು ವರ್ಷ ಹೀಗೆ ಮುಂದಿನ ವಾರ ಎಂದೆ. ಒಂದು ಗುರುವಾರ ಬೆಳಿಗ್ಗೆ ಚಾಚಾ, ಚಹಾ ಕುಡಿದು ಕಪ್ಪು ಕೆಳಗಿಟ್ಟವರು ಹಾಗೆಯೇ ಗೋಡೆಗೆ ಒರಗಿದರಂತೆ. ಚಾಚಿ ಕೂಗಿ ಕರೆದಾಗ ನಾನು ಓಡಿದೆ. ಕೈ ಇನ್ನೂ ಬೆಚ್ಚಗಿತ್ತು, ಜೀವ ಇರಲಿಲ್ಲ. ಜನಾಜಾದ ಹಿಂದೆ ಖಬರಸ್ತಾನದವರೆಗೂ ನಡೆದು, ಹೆಗಲು ಕೊಟ್ಟು, ಮೂರು ಹಿಡಿ ಮಣ್ಣು ಹಾಕಿ ಬಂದೆ. ಆಸ್ಪತ್ರೆಯಲ್ಲಿ ಆಡಿದ ಮಾತಿಗೆ ತಪ್ಪಾಯಿತು ಎಂದು ಒಮ್ಮೆಯೂ ಹೇಳಿರಲಿಲ್ಲ. ಅವರು ಕೇಳಿದ್ದು ಒಂದೇ, ಅದನ್ನೂ ಮಾಡಿರಲಿಲ್ಲ.

ಭಾನುವಾರ ಮಕ್ಕಳು ಹೊಲಕ್ಕೆ ಹೋಗೋಣ ಎಂದರು. ಬೇವಿನ ಗಿಡದ ಕೆಳಗೆ ಯಾರೂ ಇರಲಿಲ್ಲ. ಸುಣ್ಣದ ಗೆರೆ ಮಾಸಿತ್ತು, ಮಗ ಕಾಲಿನಿಂದ ಮತ್ತೆ ಎಳೆದ. ಚಾಚಿ ಕೊಟ್ಟು ಕಳಿಸಿದ್ದ ಹಳೆಯ ಕೋಲನ್ನು ಮಗಳು ನನ್ನ ಕೈಗಿಟ್ಟು, ಹತ್ತು ಹೆಜ್ಜೆ ಎಣಿಸಿ, ಗೆರೆಯ ಮೇಲೆ ಹೋಗಿ ನನಗೆ ಎದುರಾಗಿ ನಿಂತಳು. ಬೇಡ ಎಂದು ಕೋಲು ಕೆಳಗಿಡುವುದು ಎಷ್ಟು ಸುಲಭವಿತ್ತು.

“ಖಬರ್ದಾರ್!” ಎಂದು ಒದರಿದೆ. ಮಗ “ಅದೀನಿ” ಎಂದ. ನಾನು ಕಾದೆ.

“ಅದೀನಿ ಅಪ್ಪಾ! ಹೊಡಿ!”

ಎತ್ತಿ ಹೊಡೆದೆ. ಚೆಂಡು ಎಲ್ಲಿ ಬಿತ್ತೋ ಗೊತ್ತಿಲ್ಲ, ನಾನು ಅತ್ತ ನೋಡಲಿಲ್ಲ. ಮಗಳ ಮುಖ ನೋಡುತ್ತಿದ್ದೆ. ಅವಳ ಎರಡೂ ಕಣ್ಣು ತೆರೆದೇ ಇದ್ದವು.